ಎಕಲ್ಸ್-ಶಾದಿಲಿ ಇಂಗ್ಲಿಷ್-ಇಂಡೊನೇಶ್ಯನ್ ಡಿಕ್ಷನರಿ: ಒಂದು 'ಟೇಕ್'ಗೋಸ್ಕರ ಕೊಂಡಿದ್ದು

ಜಕಾರ್ತಾಗೆ ಬಂದು ಎಂಟು ತಿಂಗಳಾಯ್ತು. ಮೊದಲ ಎರಡು ತಿಂಗಳು ಇಲ್ಲಿನ ಭಾಷೆ ಕಲಿಯೋಕೆ ಫೋನಲ್ಲಿರೋ ಒಂದು ಆ್ಯಪ್ ನಂಬ್ಕೊಂಡಿದ್ದೆ, ಹೆಸರು ಬೇಡ ಬಿಡಿ. ಅದು ಇಂಗ್ಲಿಷಿನ ಟೇಕ್ ಅಂದ್ರೆ 'ಅಂಬಿಲ್' ಅಂತ ಕಲಿಸ್ತು, ನಾನು ಅಂಬಲಿ ಅಂತ ನೆನಪಿಟ್ಕೊಂಡು ಎಲ್ಲೆಲ್ಲಿ ಟೇಕ್ ಬರುತ್ತೋ ಅಲ್ಲೆಲ್ಲ ಅಂಬಿಲ್ ಜಡಿಯೋಕೆ ಶುರು ಮಾಡ್ದೆ. ಆಮೇಲೆ ಜ್ವರ ಬಂತು. ಕ್ಲಿನಿಕ್ಕಲ್ಲಿ ನರ್ಸ್ ಮಾತ್ರೆ ತಗೊಂಡ್ರಾ ಅಂತ ಕೇಳಿದ್ರು, ನಾನು "ಸುದಾ ಅಂಬಿಲ್" ಅಂದೆ. ಅವರಿಗೆ ಅರ್ಥ ಆಗಿದ್ದು ನಾನು ಕೌಂಟರಿಂದ ಮಾತ್ರೆ ಇಸ್ಕೊಂಡಿದೀನಿ ಅಂತ ಅಷ್ಟೇ. "ಅದು ಸರಿ ಪಾಕ್, ಸುದಾ ಮಿನುಮ್ ಬೆಲುಮ್?" ಅಂದ್ರು. ಕುಡಿದ್ರೋ ಇಲ್ವೋ ಅಂತ (ಪಾಕ್ ಅಂದ್ರೆ ನಮ್ಮ ಸಾರ್ ಇದ್ದಂಗೆ). ಇಲ್ಲಿ ಮಾತ್ರೆನೂ ಕುಡೀತಾರೆ ಸ್ವಾಮಿ, ಮಿನುಮ್ ಒಬಾತ್ ಅಂತಾನೇ ಹೇಳೋದು, ನುಂಗೋದು ಸಿರಪ್ಪು ಅಂತೆಲ್ಲ ಭೇದ ಇಲ್ಲ. ನಾನು ಮೂರು ಸಲ ಅಂಬಿಲ್ ಅಂದೆ, ಆಕೆ ಮೂರು ಸಲ ಮಿನುಮ್ ಅಂದ್ರು, ಪಕ್ಕದ ಬೆಂಚಲ್ಲಿ ಕೂತಿದ್ದ ಅಜ್ಜಿ ನಗ್ತಾ ಇದ್ರು.

ಅದೇ ವಾರ ಬ್ಲೋಕ್ ಎಮ್ ಸ್ಕ್ವೇರ್ ಮಾಲಿನ ಬೇಸ್‌ಮೆಂಟಿಗೆ ಹೋದೆ, ಅಲ್ಲಿ ಹಳೇ ಪುಸ್ತಕದ ಅಂಗಡಿ ಸಾಲೇ ಇದೆ, ನಮ್ಮ ಅವೆನ್ಯೂ ರೋಡ್ ನೆನಪಾಗುತ್ತೆ ಆದ್ರೆ ಫ್ಯಾನ್ ಕೆಳಗೆ. ಈ ಡಿಕ್ಷನರಿನ ಚೌಕಾಸಿ ಮಾಡಿ 50,000 ರುಪಿಯಾಗೆ ಇಳಿಸಿ ತಂದೆ, ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿ ಒಳಗೇನೇ. ಜಾನ್ ಎಕಲ್ಸ್ ಮತ್ತೆ ಹಸನ್ ಶಾದಿಲಿ ಮಾಡಿದ್ದು, ಅಮೆರಿಕಾದ ಕಾರ್ನೆಲ್ ಯೂನಿವರ್ಸಿಟಿ ಪ್ರೆಸ್ 1975ರಲ್ಲಿ ತಂತು, ಇಲ್ಲಿ ಗ್ರಾಮೀಡಿಯಾದವರು ಪ್ರಿಂಟ್ ಮಾಡ್ತಾರೆ. ಇಲ್ಲಿ ಓದಿ ಬೆಳೆದ ಯಾರನ್ನ ಕೇಳಿದ್ರೂ ಈ ಪುಸ್ತಕ ಗೊತ್ತು.

ಟೇಕ್ ಎಂಟ್ರಿ ಉದ್ದಕ್ಕಿದೆ. ಅರ್ಥ ಒಗಾಯಿಸಿ ಸುಮ್ನಾಗಲ್ಲ, ಯಾವ ವಸ್ತು ಜೊತೆ ಯಾವ ಕ್ರಿಯಾಪದ ಅಂತ ವಾಕ್ಯ ಕೊಟ್ಟು ತೋರಿಸುತ್ತೆ, ನನಗೆ ಬೇಕಾಗಿದ್ದು ಇದೇ. ಎರಡು ದಿನ ಕೂತು ಇದನ್ನ ಮುಂದಿಟ್ಕೊಂಡು ಆಫೀಸಿನ ಮ್ಬಾಕ್ (ನಮ್ಮಲ್ಲಿ ಅಕ್ಕ ಅಂತೀವಲ್ಲ ಹಂಗೆ) ಹತ್ರ ಕೇಳ್ಕೊಂಡು ಒಂದು ಪಟ್ಟಿ ಮಾಡ್ದೆ, ಆವಾಗ ಗೊತ್ತಾಗಿದ್ದು ಇಂಗ್ಲಿಷ್ ಪಕ್ಕಕ್ಕಿಟ್ಟು ಕನ್ನಡದಿಂದ ಹೋದ್ರೆ ಎಷ್ಟೋ ಸಲೀಸು ಅಂತ. ಟ್ಯಾಕ್ಸಿ ಟೇಕ್ ಮಾಡೋದಕ್ಕೆ ನಾಯ್ಕ್ ಅಂತಾರೆ, ನಾಯ್ಕ್ ಅಂದ್ರೆ ಹತ್ತು. ನಾವೂ ಬಸ್ ಹತ್ತಿ ಬಂದೆ ಅಂತೀವಲ್ವಾ. ಕೆಲಸ ಟೈಮ್ ಟೇಕ್ ಮಾಡಿದ್ರೆ ಮಾಕಾನ್ ವಕ್ತು, ಟೈಮ್ ತಿನ್ನುತ್ತೆ, ನಾವೂ ಹಂಗೇ ಅನ್ನೋದು. ಚಪ್ಪಲಿ ಟೇಕಾಫ್ ಮಾಡೋಕೆ ಲೆಪಾಸ್, ಆ ಪದಕ್ಕೆ ಬಿಡು ಅನ್ನೋ ಅರ್ಥನೂ ಇದೆ, ಕೈ ಬಿಡೋದಕ್ಕೂ ಅದೇ. ನಮ್ಮ ದೇವಸ್ಥಾನದ ಮುಂದೆ 'ಪಾದರಕ್ಷೆ ಇಲ್ಲಿ ಬಿಡಿ' ಅಂತ ಬೋರ್ಡ್ ಇರುತ್ತೆ ನೋಡಿ, ಇಲ್ಲಿ ಮಸೀದಿ ಮುಂದೆ ಲೆಪಾಸ್. ವಿಮಾನದ ಟೇಕಾಫ್ ಮಾತ್ರ ಲೆಪಾಸ್ ಲಾಂದಾಸ್ ಅಥವಾ ತಿಂಗಾಲ್ ಲಾಂದಾಸ್, ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ ದೇಶದ ಆರ್ಥಿಕತೆ ಟೇಕಾಫ್ ಆಗುತ್ತೆ ಅಂತ ಸರ್ಕಾರದವರು ಹೇಳ್ತಿದ್ದಿದ್ದೂ ಈ ತಿಂಗಾಲ್ ಲಾಂದಾಸೇ.

ಮನುಷ್ಯರ ವಿಷಯದಲ್ಲಿ ಇನ್ನೂ ಮಜಾ. ನಾವು ವಸ್ತುನ ತಗೊಂಡು ಹೋಗ್ತೀವಿ, ಮನುಷ್ಯರನ್ನ ಕರ್ಕೊಂಡು ಹೋಗ್ತೀವಿ, ಇಂಗ್ಲಿಷಿಗೆ ಎರಡೂ ಟೇಕೇ. ಇಲ್ಲಿ ಜೊತೆಗೆ ಬಾ ಅಂತ ಕರ್ಕೊಂಡು ಹೋದ್ರೆ ಅಜಾಕ್, ಮನೆ ತನಕ ಬಿಟ್ಟು ಬಂದ್ರೆ ಅಂತಾರ್, ಎತ್ಕೊಂಡು ಹೊತ್ಕೊಂಡು ಹೋದ್ರೆ ಬಾವಾ. ಸ್ನಾನಕ್ಕೆ ಟೇಕ್ ಪೇಕ್ ಏನೂ ಬೇಡ, ಮಾಂದಿ ಅಂದ್ರೆ ಮುಗೀತು. ಟೇಕ್ ಓವರ್‌ಗೆ ಅಂಬಿಲ್ ಆಲಿಹ್, ಅಬ್ಬ ಅಂತೂ ಒಂದು ಕಡೆ ನನ್ನ ಅಂಬಿಲ್‌ಗೆ ಕೆಲಸ ಸಿಕ್ತು.

ಈಗ ಕೊರತೆ. ಟೇಕ್‌ಗೆ ಅಂಬಿಲ್ ಅಂತ ನೇರವಾಗಿ ಕೊಡಲ್ಲ, ಮೆಙಂಬಿಲ್ ಅಂತ ಬರೆಯೋ ರೂಪ ಕೊಡುತ್ತೆ, ಹೊಸಬರಿಗೆ ಮೂಲ ಪದ ಯಾವ್ದು ಅಂತ ಗೊತ್ತಾಗಲ್ಲ. ಆದ್ರೆ ಕನ್ನಡದವರಿಗೆ ಇಲ್ಲೊಂದು ಶಾರ್ಟ್‌ಕಟ್ ಇದೆ, ಯಾವ ಕ್ಲಾಸಲ್ಲೂ ಯಾರೂ ಹೇಳ್ಕೊಡಲಿಲ್ಲ, ನಾನೇ ಕಂಡ್ಕೊಂಡಿದ್ದು (ಸ್ವಲ್ಪ ಕೊಚ್ಕೊಳ್ತೀನಿ, ಸಹಿಸ್ಕೊಳ್ಳಿ). ಕ್ರಿಯಾಪದದ ಮುಂದೆ ಈ ಮೆ ಸೇರಿದಾಗ ಪದದ ಮೊದಲ ಕ, ತ, ಪ, ಸ ಕರಗಿ ಹೋಗುತ್ತೆ. ಕಿರಿಮ್ ಮೆಙಿರಿಮ್ ಆಗುತ್ತೆ, ತುಲಿಸ್ ಮೆನುಲಿಸ್, ಪಾಕಾಯ್ ಮೆಮಾಕಾಯ್, ಸಾಪು ಮೆಞಾಪು. ನೋಡಿದ್ರಾ? ಕ ಹೋದ್ರೆ ಙ, ತ ಹೋದ್ರೆ ನ, ಪ ಹೋದ್ರೆ ಮ, ಆಯಾ ವರ್ಗದ ಕೊನೇ ಅಕ್ಷರ ಬಂದು ಕೂರುತ್ತೆ. ಸ ಮಾತ್ರ ಚ ವರ್ಗದ ಞ ತಗೊಳುತ್ತೆ. ಒಂದನೇ ಕ್ಲಾಸಲ್ಲಿ ಬಾಯಿಪಾಠ ಮಾಡಿ ಆಮೇಲೆ ಮುಖ ನೋಡದೇ ಇದ್ದ ಙ ಮತ್ತೆ ಞ ನನಗೆ ಕೆಲಸಕ್ಕೆ ಬಂದಿದ್ದು ಜಕಾರ್ತಾದಲ್ಲಿ.

ಇನ್ನೊಂದು, ಬೀದಿ ಮಾತು ಇದರಲ್ಲಿ ಹುಡುಕ್ಬೇಡಿ. 1975ರ ಪುಸ್ತಕ, ಮಾತೂ ಸ್ವಲ್ಪ ಇಸ್ತ್ರಿ ಮಾಡಿದ್ದು. ಊಟ ಪಾರ್ಸೆಲ್ ಬೇಕು ಅಂದ್ರೆ ಹೋಟೆಲಲ್ಲಿ ಬುಂಗ್ಕುಸ್ ಅನ್ನಿ, ಕಟ್ಟಿ ಕೊಡಿ ಅಂತ, ಇದು ನನಗೆ ಪಾದಾಂಗ್ ಊಟದ ಅಂಗಡಿ ಬು (ನಮ್ಮಲ್ಲಿ ಅಮ್ಮ ಅಂತೀವಲ್ಲ ಹಂಗೆ) ಹೇಳ್ಕೊಟ್ಟಿದ್ದು. ಇಲ್ಲಿನವರು ತಂದ್ಕೊಡು ಅನ್ನೋಕೆ ಅಂಬಿಲಿನ್ ಅಂತಾರೆ, ಆ ಬಾಲದ ಇನ್‌ನೂ ಆಡು ಮಾತಿಂದು. ಅಕ್ಷರ ಸಣ್ಣದು, ಕನ್ನಡಕ ಮರೀಬೇಡಿ.

ಹಳೇ ಪುಸ್ತಕ ಕೊಳ್ಳೋರಿಗೆ ಒಂದು ಮಾತು. ಇಂಗ್ಲಿಷ್-ಇಂಡೊನೇಶ್ಯನ್ ಭಾಗದಲ್ಲಿ ತೊಂದ್ರೆ ಇಲ್ಲ, ಸ್ಪೆಲಿಂಗ್ ಬದಲಾಗಿದ್ದು 1972ರಲ್ಲಿ, ಇದು ಬಂದಿದ್ದು ಆಮೇಲೆ. ಇವರದ್ದೇ ಇಂಡೊನೇಶ್ಯನ್-ಇಂಗ್ಲಿಷ್ ಭಾಗ ಅದಕ್ಕಿಂತ ಮುಂಚಿಂದು, 1961ರದ್ದು. ಅದರ ಹಳೇ ಎಡಿಷನ್ ಕೈಗೆ ಬಂದ್ರೆ ಈಗ ಸಿ ಹಾಕಿ ಬರೆಯೋ ಚಾ ಅಕ್ಷರನ ಟಿಜೆ ಅಂತ ಬರೆದಿರ್ತಾರೆ, ಚಾರಿ ಅನ್ನೋ ಪದನ ಸಿ ಹಾಳೇಲಿ ಹುಡುಕಿ ಹುಡುಕಿ ತಲೆ ಕೆಟ್ಟೋಗುತ್ತೆ. 1989ರ ಮೂರನೇ ಎಡಿಷನ್ ಕೇಳಿ ತಗೊಳ್ಳಿ.

5ಕ್ಕೆ 4 ಕೊಡ್ತೀನಿ. ನನ್ನ ಪ್ರತೀಲಿ ಟೇಕ್ ಇರೋ ಹಾಳೆನೇ ಎಲ್ಲಕ್ಕಿಂತ ಮಾಸಿದೆ, ಹಿಂದಿನ ಓನರ್ ಪೆನ್ಸಿಲಲ್ಲಿ ಗೀಟು ಎಳೆದಿದಾರೆ, ಪಾಪ ಯಾರೋ. ಆ ಇನ್ನೊಂದು ಭಾಗ ನನಗಿನ್ನೂ ಸಿಕ್ಕಿಲ್ಲ, ಈ ಊರಲ್ಲಿರೋ ಕನ್ನಡದವರ ಹತ್ರ ಎಕ್ಸ್‌ಟ್ರಾ ಇದ್ರೆ ಹೇಳಿ, ನಾಯ್ಕ್ ಮಾಡ್ಕೊಂಡು ಬಂದು ಅಂಬಿಲ್ ಮಾಡ್ಕೊಂಡು ಹೋಗ್ತೀನಿ.