ಬಸುರಿ ಹೊಟ್ಟೆಗೆ ಹಚ್ಚುವ ಹೆಸರಿಲ್ಲದ ಡಬ್ಬಿ ಕ್ರೀಮು: ಹಾಸನದ ಕಡೆಯವರು ದಯವಿಟ್ಟು ಓದಿ

ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಇದ್ದಾರಾ? "ಇದು ಹಚ್ಚಿದರೆ ಹೊಟ್ಟೆ ಮೇಲೆ ಗೆರೆ ಬೀಳಲ್ಲ" ಅಂತ ಯಾರೋ ಕೊಟ್ಟ ಬಿಳಿ ಡಬ್ಬಿ ಅವರ ಹತ್ತಿರ ಇದೆಯಾ? ಹಾಗಿದ್ದರೆ ಇವತ್ತು ರಾತ್ರಿ ಅದನ್ನು ಹಚ್ಚುವ ಮುಂಚೆ ಇದನ್ನು ಓದಿಬಿಡಿ. ನನ್ನ ತಂಗಿಗೆ ಆದದ್ದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಮಾರಿದವರ ಹೆಸರು ಹಾಕುತ್ತಿಲ್ಲ. ಒಬ್ಬರ ಹೆಸರು ಹಾಕಿದರೆ ಅವರೊಬ್ಬರೇ ಹೀಗೆ ಮಾಡೋದು ಅಂದುಕೊಂಡು ಉಳಿದವರ ಹತ್ತಿರ ಧೈರ್ಯವಾಗಿ ತಗೊಳ್ತೀರಿ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಪಾರ್ಲರಿನ ಕೌಂಟರಿನಲ್ಲಿ, ಮನೆಯಲ್ಲೇ ಕೂತು ಇಂಥ ಡಬ್ಬಿ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ತಂಗಿಯನ್ನು ಕೊಟ್ಟಿರುವುದು ಅರಕಲಗೂಡು ಕಡೆಗೆ. ಚೊಚ್ಚಲ ಬಸಿರು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹಾಸನಕ್ಕೆ, ನಮ್ಮ ಮನೆಗೆ ಕರೆದುಕೊಂಡು ಬಂದೆವು. ಅಷ್ಟರಲ್ಲಿ ಹೊಕ್ಕುಳಿನ ಕೆಳಗೆ ನಾಲ್ಕಾರು ಕೆಂಪು ಗೆರೆ ಕಾಣಿಸಿಕೊಂಡಿದ್ದವು, ತುರಿಕೆಯೂ ಇತ್ತು. ಅಮ್ಮ ಎಲ್ಲ ಅಮ್ಮಂದಿರ ಹಾಗೆ "ಕೆರ್ಕೋಬೇಡ, ಗೆರೆ ಬೀಳುತ್ತೆ" ಅಂತ ಹೇಳಿ ಕೊಬ್ಬರಿ ಎಣ್ಣೆ ಬಟ್ಟಲು ಕೊಟ್ಟಿದ್ದರು. ನೋಡಲು ಬಂದ ನೆಂಟರೊಬ್ಬರು ಸೆರಗು ಸರಿಮಾಡುವಾಗ ಗೆರೆ ನೋಡಿ, "ಅಯ್ಯೋ, ಈಗಲೇ ಇಷ್ಟು ಬಿದ್ದಿದೆಯಲ್ಲೇ, ಹೆರಿಗೆ ಆಗೋ ಹೊತ್ತಿಗೆ ಏನು ಗತಿ" ಅಂದರು. ಅವರ ಸೊಸೆ ಯಾವುದೋ ಕ್ರೀಮು ಹಚ್ಚಿ ಒಂದು ಗೆರೆಯೂ ಇಲ್ಲದೆ ಹೆತ್ತಳಂತೆ. ಮಾರನೆಯ ದಿನವೇ ಡಬ್ಬಿ ಮನೆಗೆ ಬಂತು.

ಆ ಡಬ್ಬಿ ಹೇಗಿತ್ತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಕೈಗೂ ಅಂಥದ್ದೇ ಬಂದಿರಬಹುದು. ಬಿಳಿ ಪ್ಲಾಸ್ಟಿಕ್ ಡಬ್ಬಿ. ಪ್ರಿಂಟ್ ತೆಗೆದು ಅಂಟಿಸಿದ ಸ್ಟಿಕ್ಕರಿನ ಮೇಲೆ ಒಡೆದ ತೆಂಗಿನಕಾಯಿ, ಕೇಸರಿ ಎಸಳು, ಹೊಟ್ಟೆ ಹಿಡಿದುಕೊಂಡ ಹೆಂಗಸಿನ ಚಿತ್ರ. "ನೂರಕ್ಕೆ ನೂರು ನೈಸರ್ಗಿಕ, ಮಲೆನಾಡಿನ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅನ್ನೋ ಸಾಲು. ಅಷ್ಟೇ. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು, ಒಳಗೆ ಏನೇನು ಹಾಕಿದ್ದಾರೆ, ಯಾವಾಗಿನದು, ಎಲ್ಲಿವರೆಗೆ ಬಳಸಬಹುದು, ಒಂದೂ ಇಲ್ಲ. ವಾಸನೆ ಮಾತ್ರ ತುಂಬಾ ಚೆನ್ನಾಗಿತ್ತು.

ಮೊದಲ ವಾರ ಮನೆಯವರೆಲ್ಲ ಖುಷಿಪಟ್ಟೆವು. ಹಚ್ಚಿದ ಎರಡು ಮೂರು ದಿನಕ್ಕೇ ತುರಿಕೆ ನಿಂತಿತು. ಗೆರೆಗಳ ಕೆಂಪು ತಿಳಿಯಾಯಿತು, ಚರ್ಮ ನುಣ್ಣಗಾಯಿತು. ತಂಗಿ ಹೊಟ್ಟೆಗೆ, ತೊಡೆಸಂದಿಗೆ, ಎದೆಗೆ, ಎಲ್ಲೆಲ್ಲಿ ಗೆರೆ ಬರಬಹುದೋ ಅಲ್ಲೆಲ್ಲ ಬೆಳಿಗ್ಗೆ ಸಂಜೆ ಹಚ್ಚತೊಡಗಿದಳು. ಡಬ್ಬಿ ಮುಗಿದ ಹಾಗೆಲ್ಲ ಇನ್ನೊಂದು ಬರುತ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಟ್ಟೆಯ ತುರಿಕೆಯಾಗಲಿ ಕೆಂಪಾಗಲಿ ಬರೀ ಕ್ರೀಮಿಗೆ ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಹೋಯಿತು ಅಂದರೆ ಸಂತೋಷಪಡಬೇಡಿ, ಅನುಮಾನಪಡಿ. ಕೊಬ್ಬರಿ ಎಣ್ಣೆಗೆ, ಅಲೋವೆರಾಗೆ, ಕೇಸರಿಗೆ ಆ ಶಕ್ತಿ ಇಲ್ಲ. ಹಾಗೆ ಮಾಡುವುದು ಸ್ಟೀರಾಯ್ಡ್, ಅಂದರೆ ಕೆಂಪು, ಕಡಿತವನ್ನು ಬೇಗ ಅಡಗಿಸುವ ಔಷಧ.

ಎಂಟು ತಿಂಗಳು ಕಳೆದು ಒಂಬತ್ತರಲ್ಲಿ ಬಿದ್ದ ಮೇಲೆ ಬಣ್ಣ ಬಯಲಾಯಿತು. ತೊಡೆಸಂದಿಯಲ್ಲಿ, ಹೊಟ್ಟೆಯ ಕೆಳಗಿನ ಮಡಿಕೆಯಲ್ಲಿ ಹೊಸ ಗೆರೆಗಳು ಎದ್ದವು. ಮೊದಲಿನವು ದಾರದಷ್ಟು ಸಣ್ಣ ಇದ್ದವು. ಇವು ಬೆರಳಗಲದವು, ನೇರಳೆ ಬಣ್ಣ, ಮುಟ್ಟಿದರೆ ಒಳಕ್ಕೆ ಕುಸಿದ ಹಾಗೆ. ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಾಗಿ ನರಗಳು ಕಾಣುತ್ತಿದ್ದವು. ಸೀರೆ ಲಂಗದ ಲಾಡಿ ಉಜ್ಜಿದ ಜಾಗ ಸುಲಿದುಹೋಯಿತು. ಇದರ ಜೊತೆಗೆ ಮಡಿಕೆಯಲ್ಲಿ ಹುಳುಕಡ್ಡಿ ಹತ್ತಿಕೊಂಡು ತೊಡೆವರೆಗೂ ಹರಡಿತ್ತು. ಒಂದು ದಿನ ಕ್ರೀಮು ಬಿಟ್ಟರೆ ಉರಿ, ಹಚ್ಚಿದರೆ ಆರಾಮ. ಹಾಗಾಗಿ ಅವಳು ಬಿಡಲಾರದೆ ಹಚ್ಚುತ್ತಲೇ ಇದ್ದಳು. ರಾತ್ರಿ ಮಗ್ಗುಲು ಬದಲಿಸಿದರೂ ನೋವು ಅಂತ ಅಳುತ್ತಿದ್ದಳು. ತುಂಬಿದ ಬಸುರಿ, ಮೊದಲೇ ನಿದ್ದೆ ಕಡಿಮೆ.

ಹೆರಿಗೆ ಡಾಕ್ಟರು ನೋಡಿದವರೇ ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಅವರು ಪರೀಕ್ಷೆ ಮಾಡುತ್ತಲೇ ಕೇಳಿದ ಮೊದಲ ಪ್ರಶ್ನೆ, "ಏನಮ್ಮ ಹಚ್ಚುತ್ತಿದ್ದೀಯ, ಡಬ್ಬಿ ತಂದಿದ್ದೀಯಾ?" ಡಬ್ಬಿ ನೋಡಿ ಪಕ್ಕಕ್ಕಿಟ್ಟರು. "ಒಳಗೆ ಏನಿದೆ ಅಂತ ಇದರ ಮೇಲೆ ಬರೆದಿಲ್ಲ. ಆದರೆ ಚರ್ಮ ಹೇಳ್ತಾ ಇದೆ, ಇದು ಸ್ಟೀರಾಯ್ಡ್ ಹಚ್ಚಿದ ಚರ್ಮ" ಅಂದರು.

ನಾನು ಮಾರಿದವರ ಮನೆಗೇ ಹೋದೆ. ಜಗಳಕ್ಕಲ್ಲ, ಒಳಗೆ ಏನಿದೆ ಅಂತ ಡಾಕ್ಟರಿಗೆ ಗೊತ್ತಾಗಬೇಕಿತ್ತು. ಮೊದಲು "ಎಲ್ಲಾ ಗಿಡಮೂಲಿಕೆ ಅಕ್ಕ" ಅಂದರು. ಬಸುರಿ, ಒಳಗೆ ಮಗು ಇದೆ, ಸುಳ್ಳು ಹೇಳಬೇಡಿ ಅಂದಾಗ ನಿಜ ಹೊರಗೆ ಬಂತು. ಲೋಷನ್ನು ಬೆಂಗಳೂರಿಂದ ಕೆಜಿ ಲೆಕ್ಕದಲ್ಲಿ ಬರುತ್ತದಂತೆ. "ಕಡಿತ ಇದೆ ಅನ್ನೋರಿಗೆ ಮಾತ್ರ ಇದನ್ನ ಕಲಸಿ ಕೊಡ್ತೀನಿ, ಬೇಗ ಗುಣ ಆಗುತ್ತೆ" ಅಂತ ಅಡುಗೆಮನೆ ಶೆಲ್ಫಿನಿಂದ ಟ್ಯೂಬು ತಂದು ತೋರಿಸಿದರು. ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಎಳೆದ ಟ್ಯೂಬು. ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್ ಪ್ರೊಪಿಯೋನೇಟ್ ಅಂತ ಇತ್ತು. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆಯೇ ಕೊಡುತ್ತಾರಂತೆ.

ಕ್ಲೋಬೆಟಾಸಾಲ್ ಅನ್ನುವುದು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ತೀರಾ ಸ್ಟ್ರಾಂಗ್ ಗುಂಪಿನದು. ಸೋರಿಯಾಸಿಸ್‌ನಂಥ ಚರ್ಮದ ಕಾಯಿಲೆಗೆ ಡಾಕ್ಟರು ಲೆಕ್ಕ ಹಾಕಿ ಕೊಡುವ ಔಷಧ. ಸಾಮಾನ್ಯವಾಗಿ ಒಂದೇ ಸಮನೆ 2 ವಾರಕ್ಕಿಂತ ಜಾಸ್ತಿ ಹಚ್ಚಿಸುವುದಿಲ್ಲ. ಮಡಿಕೆ ಇರುವ ಜಾಗದಲ್ಲಂತೂ ಇನ್ನೂ ಹುಷಾರು, ಅಲ್ಲಿ ಚರ್ಮ ಜಾಸ್ತಿ ಹೀರಿಕೊಳ್ಳುತ್ತದೆ. ಇದು ಚರ್ಮದೊಳಗೆ ಕೊಲಾಜೆನ್, ಅಂದರೆ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಎಳೆ, ತಯಾರಾಗುವುದನ್ನು ತಗ್ಗಿಸಿ ಚರ್ಮವನ್ನು ತೆಳುಮಾಡುತ್ತದೆ. ತೆಳುವಾದ ಚರ್ಮ ಬಿರಿದು ಗೆರೆ ಬೀಳುತ್ತದೆ. ಅಂದರೆ ಸ್ಟ್ರೆಚ್ ಮಾರ್ಕ್ ಬರಬಾರದು ಅಂತ ನಮ್ಮ ಹುಡುಗಿ ಹಚ್ಚಿದ್ದು, ಸ್ಟ್ರೆಚ್ ಮಾರ್ಕ್ ತರಿಸುವ ಔಷಧವನ್ನೇ! ಬಸುರಿ ಅಲ್ಲದವರಿಗೂ, ಗಂಡಸರಿಗೂ ಇದನ್ನು ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯಲ್ಲಿ ಇಂಥದೇ ಗೆರೆ ಏಳುತ್ತವೆ. ಹುಳುಕಡ್ಡಿ ಹಬ್ಬಿದ್ದಕ್ಕೂ ಇದೇ ಕಾರಣ. ಸ್ಟೀರಾಯ್ಡು ಕೆಂಪು ಮತ್ತು ಕಡಿತವನ್ನು ಮುಚ್ಚಿಡುತ್ತದೆ, ಅಡಿಯಲ್ಲಿ ಫಂಗಸ್ಸು ಆರಾಮಾಗಿ ಬೆಳೆಯುತ್ತದೆ.

ಮಗುವಿನ ವಿಷಯಕ್ಕೆ ನಾವು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಡಾಕ್ಟರು ಹೆದರಿಸದೆ ವಿವರಿಸಿದರು. ಡಾಕ್ಟರ ಸಲಹೆಯಂತೆ ಸೌಮ್ಯವಾದ ಸ್ಟೀರಾಯ್ಡ್ ಕ್ರೀಮನ್ನು ಬಸುರಿಯರು ಸ್ವಲ್ಪ ಹಚ್ಚಿದರೆ ಮಗುವಿಗೆ ತೊಂದರೆ ಕಂಡುಬಂದಿಲ್ಲ. ಆದರೆ ತುಂಬಾ ಸ್ಟ್ರಾಂಗ್ ಆದದ್ದನ್ನು ಬಹಳ ಹಚ್ಚಿದವರಲ್ಲಿ, ಅದೂ ಇಡೀ ಬಸಿರಿಗೆ 300 ಗ್ರಾಂ ದಾಟಿದವರಲ್ಲಿ, ಮಗುವಿನ ತೂಕ ಕಡಿಮೆ ಇದ್ದದ್ದು ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಡಬ್ಬಿಗಳಲ್ಲಿ ಎಷ್ಟು ಟ್ಯೂಬು ಕಲಸಿದ್ದರು ಅಂತ ಯಾರಿಗೆ ಗೊತ್ತು? ಅದಕ್ಕೆ ಸ್ಕ್ಯಾನಿಂಗ್ ಮಾಡಿ ಮಗುವಿನ ಬೆಳವಣಿಗೆ ನೋಡಿದರು. ದೇವರ ದಯೆ, ಮಗು ಸರಿಯಾದ ತೂಕದಲ್ಲೇ ಹುಟ್ಟಿದೆ. ತಂಗಿಯ ಚರ್ಮಕ್ಕೆ ಇನ್ನೂ ಔಷಧ ನಡೀತಿದೆ.

ಡಾಕ್ಟರು ಅವತ್ತು ಇನ್ನೊಂದು ಪ್ರಶ್ನೆ ಕೇಳಿದ್ದರು, ಅದನ್ನು ಎಲ್ಲ ಬಸುರಿಯರೂ ತಿಳಿದಿರಬೇಕು. "ಅಂಗೈ, ಅಂಗಾಲು ಕಡಿಯುತ್ತಾ? ರಾತ್ರಿ ಜಾಸ್ತಿ ಆಗುತ್ತಾ?" ಹೊಟ್ಟೆಯ ಚರ್ಮ ಹಿಗ್ಗುವಾಗ ಸ್ವಲ್ಪ ತುರಿಕೆ ಸಹಜ. ಆದರೆ ಬಸಿರಿನ ಕೊನೆ ತಿಂಗಳುಗಳಲ್ಲಿ ದದ್ದು ಏನೂ ಇಲ್ಲದೆ ಅಂಗೈ ಅಂಗಾಲು ವಿಪರೀತ ಕಡಿಯತೊಡಗಿದರೆ ಅದು ಲಿವರ್‌ಗೆ ಸಂಬಂಧಿಸಿದ ತೊಂದರೆ ಇರಬಹುದು. ಪಿತ್ತರಸ ಸರಿಯಾಗಿ ಹರಿಯದೆ ಪಿತ್ತದ ಆಮ್ಲ ರಕ್ತದಲ್ಲಿ ಏರುತ್ತದೆ, ಅದು ತೀರಾ ಏರಿದರೆ ಹೊಟ್ಟೆಯಲ್ಲಿರುವ ಮಗುವಿನ ಜೀವಕ್ಕೇ ಅಪಾಯ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಸ್ಟ್ರೆಚ್ ಮಾರ್ಕ್ ಮೇಲೆಯೇ ಕೆಂಪು ಗುಳ್ಳೆ ಎದ್ದು ಹರಡುತ್ತವೆ, ಹೊಕ್ಕುಳಿನ ಸುತ್ತ ಮಾತ್ರ ಇರುವುದಿಲ್ಲ. ಅದು ಮಗುವಿಗೆ ಅಪಾಯವಲ್ಲ, ಹೆರಿಗೆಯಾದ ಮೇಲೆ ಹೋಗುತ್ತದೆ. ಯಾವುದು ಯಾವುದು ಅಂತ ಡಾಕ್ಟರು ಹೇಳಬೇಕು. ಪಾರ್ಲರಿನವರಾಗಲಿ ಪಕ್ಕದ ಮನೆ ಆಂಟಿಯಾಗಲಿ ಹೇಳಲಾಗುವುದಿಲ್ಲ.

ಹಾಗಾದರೆ ಗೆರೆ ಬೀಳದ ಹಾಗೆ ಏನು ಹಚ್ಚಬೇಕು ಅಂತ ನನ್ನನ್ನು ಕೇಳುವವರು ಜಾಸ್ತಿ. ಏನು ಹಚ್ಚಿದರೂ ತಡೆಯಲು ಆಗಲ್ಲ. ಕೇಳಲು ಬೇಜಾರು, ಆದರೆ ನಿಜ ಇಷ್ಟೇ. ಕ್ರೀಮು, ಎಣ್ಣೆ, ಲೋಷನ್ನುಗಳ ಮೇಲೆ ನಡೆದ 6 ಅಧ್ಯಯನಗಳನ್ನು, ಒಟ್ಟು 800 ಹೆಂಗಸರ ಲೆಕ್ಕವನ್ನು ಒಟ್ಟಿಗೆ ಇಟ್ಟು 2012ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ ನೋಡಿತ್ತು. ಹಚ್ಚಿದವರಿಗೂ ಹಚ್ಚದವರಿಗೂ ಗೆರೆ ಬೀಳುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಗೆರೆ ಬೀಳುವುದು ಮೇಲ್ಚರ್ಮದಲ್ಲಲ್ಲ, ಅದರ ಕೆಳಗಿನ ಪದರದಲ್ಲಿ. ಹೊಟ್ಟೆ ಬೇಗ ಹಿಗ್ಗುವಾಗ, ಬಸಿರಿನ ಹಾರ್ಮೋನುಗಳ ಪ್ರಭಾವದಲ್ಲಿ ಆ ಪದರದ ಎಳೆಗಳು ಹರಿಯುತ್ತವೆ. ಮೇಲೆ ಸವರಿದ ಎಣ್ಣೆ ಅಲ್ಲಿಗೆ ಹೋಗಿ ಎಳೆ ಹಿಡಿದುಕೊಳ್ಳುವುದಿಲ್ಲ. ಅಮ್ಮನಿಗೆ, ಅಕ್ಕಂದಿರಿಗೆ ಬಿದ್ದಿದ್ದರೆ ನಮಗೂ ಬೀಳುವ ಸಾಧ್ಯತೆ ಜಾಸ್ತಿ. ಚಿಕ್ಕ ವಯಸ್ಸಿನಲ್ಲಿ ಬಸುರಿಯಾದವರಿಗೆ, ತೂಕ ಬೇಗ ಏರಿದವರಿಗೆ, ಮಗು ದೊಡ್ಡದಿದ್ದವರಿಗೆ ಜಾಸ್ತಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯವರು 10 ಬಸುರಿಯರಲ್ಲಿ 8 ಜನಕ್ಕೆ ಬರುತ್ತೆ ಅನ್ನುತ್ತಾರೆ. "ನಮ್ಮ ಸೊಸೆಗೆ ಒಂದೂ ಬೀಳಲಿಲ್ಲ" ಅಂದರೆ ಆ ಹುಡುಗಿ ಉಳಿದ ಇಬ್ಬರಲ್ಲಿ ಒಬ್ಬಳು, ಅಷ್ಟೇ. ಅದರಲ್ಲಿ ಕ್ರೀಮಿನ ಹೆಚ್ಚುಗಾರಿಕೆ ಏನಿಲ್ಲ.

ಅರಸೀಕೆರೆ ಕಡೆ ಗಾಣದ ಕೊಬ್ಬರಿ ಎಣ್ಣೆ ಹಚ್ಚಬೇಡಿ ಅಂತ ನಾನು ಹೇಳುತ್ತಿಲ್ಲ. ಒಣ ಚರ್ಮಕ್ಕೆ ಹಿತ, ತುರಿಕೆಗೂ ಸ್ವಲ್ಪ ನೆಮ್ಮದಿ, ಅಮ್ಮ ಕೂತು ಮೆತ್ತಗೆ ಸವರಿದರೆ ಮನಸ್ಸಿಗೂ ಸುಖ. ಗೆರೆ ತಡೆಯುತ್ತೆ ಅಂತ ನಂಬಿ ದುಡ್ಡು ಸುರಿಯಬೇಡಿ ಅಂತ ಮಾತ್ರ. ತೂಕ ಒಂದೇ ಸಲ ಏರದೆ ನಿಧಾನಕ್ಕೆ ಏರಿದರೆ ಸ್ವಲ್ಪ ಅನುಕೂಲ. ಹೆಚ್ಚಿನವರಿಗೆ ಇಡೀ ಬಸಿರಿಗೆ 10ರಿಂದ 12 ಕೆಜಿ ಏರುವುದು ಸಾಮಾನ್ಯ. ತಾಯಿ ಕಾರ್ಡಿನಲ್ಲಿ ಪ್ರತಿ ಸಲ ತೂಕ ಬರೆಸಿ, ಆಶಾ ಕಾರ್ಯಕರ್ತೆಯರನ್ನೋ ನರ್ಸಮ್ಮನನ್ನೋ ಕೇಳಿ. ಗೆರೆ ಹೋಗಬೇಕು ಅಂತ ಊಟ ಮಾತ್ರ ಬಿಡಬೇಡಿ.

ರೆಟಿನಾಲ್, ಟ್ರೆಟಿನಾಯಿನ್ ಇರುವ ಕ್ರೀಮು ಬಸಿರಿನಲ್ಲಿ ಬೇಡವೇ ಬೇಡ. ಕೆಂಪಗಿರುವ ಗೆರೆಗೆ ಟ್ರೆಟಿನಾಯಿನ್ ಕೊಡುವುದುಂಟು, ಅದು ಹೆರಿಗೆ ಆಗಿ, ಹಾಲು ಬಿಡಿಸಿದ ಮೇಲಿನ ಮಾತು, ಅದೂ ಡಾಕ್ಟರು ಬರೆದುಕೊಟ್ಟರೆ. ಎಷ್ಟೋ ಜನಕ್ಕೆ ಅದರ ಅಗತ್ಯವೂ ಬರುವುದಿಲ್ಲ. ತಿಂಗಳುಗಳು ಕಳೆದ ಹಾಗೆ ಕೆಂಪು ಇಳಿದು ಗೆರೆ ಬೆಳ್ಳಗೆ, ಸಣ್ಣಗೆ ಆಗುತ್ತವೆ. ಪೂರ್ತಿ ಹೋಗುವುದಿಲ್ಲ. ನಮ್ಮಮ್ಮನ ಹೊಟ್ಟೆ ಮೇಲೆ ನಾವಿಬ್ಬರೂ ಬರೆದ ಗೆರೆಗಳು ಇನ್ನೂ ಇವೆ. ಅದಕ್ಕೆ ಹೆದರಿಸಿ ಹುಡುಗಿಯರಿಗೆ ಡಬ್ಬಿ ಮಾರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಕೊಳ್ಳುವ ಮುಂಚೆ ಡಬ್ಬಿ ತಿರುಗಿಸಿ ನೋಡಿ. ನಮ್ಮ ದೇಶದಲ್ಲಿ ಮಾಡಿದ ಯಾವುದೇ ಕಾಸ್ಮೆಟಿಕ್ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಎಲ್ಲಿವರೆಗೆ ಬಳಸಬಹುದು, ಒಳಗೆ ಏನೇನಿದೆ ಅನ್ನುವುದು ಇರಲೇಬೇಕು. ಆಯುರ್ವೇದದ್ದು ಅಂದರೂ ಲೈಸೆನ್ಸ್ ನಂಬರು ಬೇಕು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತ ಕಂಡರೆ ಅದು ಸ್ಟೀರಾಯ್ಡ್. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಅಂಗಡಿಯಲ್ಲಿ ಸಿಗುತ್ತಿದೆ, ಅದನ್ನೇ ಅಡುಗೆಮನೆಯಲ್ಲಿ ಕಲಸಿ ಬಸುರಿಯರಿಗೆ ಕೊಡುತ್ತಿದ್ದಾರೆ. ನಾವು ಔಷಧ ನಿಯಂತ್ರಣ ಇಲಾಖೆಗೆ ಡಬ್ಬಿ ಸಮೇತ ಬರೆದುಕೊಟ್ಟಿದ್ದೇವೆ. ಔಷಧದಿಂದ ತೊಂದರೆ ಆದರೆ 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ಹೇಳಬಹುದು, ಗ್ರಾಹಕರ ದೂರಿಗೆ 1915 ಇದೆ.

ಈಗಾಗಲೇ ಇಂಥದ್ದನ್ನು ವಾರಗಟ್ಟಲೆ ಹಚ್ಚಿದ್ದರೆ ಡಬ್ಬಿ ಎಸೆಯಬೇಡಿ, ಹಾಗೇ ಡಾಕ್ಟರ ಹತ್ತಿರ ತಗೊಂಡು ಹೋಗಿ. ಏಕಾಏಕಿ ನಿಲ್ಲಿಸಿದಾಗ ಉರಿ, ಕೆಂಪು ಕೆರಳಬಹುದು, ಆಗ ಮತ್ತೆ ಅದನ್ನೇ ಹಚ್ಚುವ ಮನಸ್ಸಾಗುತ್ತದೆ. ಹೇಗೆ ಬಿಡಬೇಕು, ಬದಲಿಗೆ ಏನು ಹಚ್ಚಬೇಕು ಅಂತ ಅವರು ಹೇಳುತ್ತಾರೆ. ಅತ್ತೆ, ನಾದಿನಿ ಏನಂದುಕೊಳ್ತಾರೋ ಅಂತ ಸುಮ್ನೆ ಮುಚ್ಚಿಡಬೇಡಿ. ಎಷ್ಟು ದಿನದಿಂದ, ಎಲ್ಲೆಲ್ಲಿ, ಎಷ್ಟು ಹಚ್ಚಿದ್ದೀರಿ ಅಂತ ಹೆರಿಗೆ ಡಾಕ್ಟರಿಗೂ ಸರಿಯಾಗಿ ಹೇಳಿ.