ಟಾಸ್ ಮತ್ತು ಡ್ರಾಪ್: ಮೂವರ ಎದುರು ಆಡಿ ನೋಡಿದ ಹೋಲಿಕೆ

ಮಡಿಕೇರಿಯಲ್ಲಿ ಮಳೆ ಹಿಡಿದ ಮೇಲೆ ಶಟಲ್ ಆಟವೆಲ್ಲ ಒಳಾಂಗಣಕ್ಕೆ ಸೇರುತ್ತದೆ. ಕಳೆದ ಮಳೆಗಾಲದಲ್ಲಿ ನಾನು ಸಿಂಗಲ್ಸ್‌ನಲ್ಲಿ ಒಂದು ವಾರ ಹಿಂದಿನ ಗೆರೆಗೆ ಎತ್ತರದ ಟಾಸ್, ಮರುವಾರ ನೆಟ್ ಬಳಿಗೆ ಮೆಲ್ಲಗೆ ಇಳಿಸುವ ಡ್ರಾಪ್ ಎಂದು ನಿಗದಿ ಮಾಡಿಕೊಂಡು, ಅದೇ ಮೂವರೊಂದಿಗೆ ಆಡಿ ಹೋಲಿಸಿದೆ.

ಮೊದಲನೆಯವರು ಸೇನೆಯಿಂದ ನಿವೃತ್ತರಾದ ನಮ್ಮ ನೆರೆಮನೆಯವರು. ನನ್ನ ಡ್ರಾಪ್ ನೆಟ್ ದಾಟುವಷ್ಟರಲ್ಲಿ ಅವರು ಬಲಗಾಲು ಚಾಚಿ ಸಿದ್ಧರಾಗಿರುತ್ತಿದ್ದುದರಿಂದ ನನಗೆ ಅಲ್ಲಿ ಏನೂ ದಕ್ಕಲಿಲ್ಲ. ಹಿಂದಕ್ಕೆ ಸರಿಯುವುದು ಮಾತ್ರ ಅವರಿಗೆ ಕಷ್ಟ. ಅವರೆದುರು ಟಾಸ್ ನಿಸ್ಸಂಶಯವಾಗಿ ಮೇಲು. ಆದರೆ ಚಳಿಗೆ ಗಾಳಿ ಸಾಂದ್ರವಾಗಿ ಶಟಲ್ ನಿಧಾನವಾಗುವ ಕಾರಣ, ಮಾರ್ಚ್‌ನಲ್ಲಿ ಗೆರೆ ಮುಟ್ಟುತ್ತಿದ್ದ ಹೊಡೆತ ಜುಲೈಯಲ್ಲಿ ಅಡಿಯಷ್ಟು ಮೊದಲೇ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯವನು ಕಾಲೇಜಿಗೆ ಹೋಗುವ ಎತ್ತರದ ಹುಡುಗ. ಅವನೆದುರು ಟಾಸ್ ಸ್ವಲ್ಪ ಗಿಡ್ಡವಾದರೂ ಮೇಲಿನಿಂದ ಬಲವಾಗಿ ಕೆಳಕ್ಕೆ ಬಡಿಯುವ ಸ್ಮ್ಯಾಶ್ ತಪ್ಪದು. ಡ್ರಾಪ್ ವಾರದಲ್ಲಿ ನಾನು ಅವನ ಕೈಯನ್ನು ಬಿಟ್ಟು ಪಾದಗಳನ್ನು ಗಮನಿಸತೊಡಗಿದೆ: ಹಿಮ್ಮಡಿ ನೆಲಕ್ಕೆ ಊರಿರುವಾಗ ಬಿದ್ದ ಡ್ರಾಪನ್ನು ಅವನಿಗೆ ಬಗ್ಗಿ ತಲುಪಲಾಗುತ್ತಿರಲಿಲ್ಲ, ಮುಂಗಾಲ ಮೇಲಿದ್ದಾಗ ಬಿದ್ದುದನ್ನು ಸುಲಭವಾಗಿ ಎತ್ತುತ್ತಿದ್ದ. ಅದೇ ಹೊಡೆತ ಗೆಲ್ಲುವುದೂ ಸೋಲುವುದೂ ಆ ಅರೆಕ್ಷಣದಲ್ಲಿಯೇ ತೀರ್ಮಾನವಾಗುತ್ತದೆ ಎಂದು ನನಗೆ ಅರಿವಾದದ್ದು ಅಲ್ಲಿ. (ಡಬಲ್ಸ್‌ನಲ್ಲಿ ಟಾಸ್ ಇನ್ನೂ ಅಪಾಯಕರ, ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪನವರು ಹಿಂದಿನಿಂದ ಹೊಡೆಯುವ ಸ್ಮ್ಯಾಶ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಮೂರನೆಯವರು ಎಡಗೈ ಆಟಗಾರರಾದ ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು. ಇಲ್ಲಿ ಟಾಸೋ ಡ್ರಾಪೋ ಎನ್ನುವುದಕ್ಕಿಂತ ದಿಕ್ಕು ಮುಖ್ಯವಾಯಿತು. ಬಲಗೈಯವನಾದ ನಾನು ಬಲಮೂಲೆಯಿಂದ ನೇರವಾಗಿ ಆಡಿದ್ದು, ಉಳಿದಿಬ್ಬರ ಬ್ಯಾಕ್‌ಹ್ಯಾಂಡಿಗೆ (ರಾಕೆಟ್ ಹಿಡಿಯದ ಕೈಯ ಬದಿಗೆ) ಹೋಗುತ್ತಿದ್ದರೆ, ಇವರ ರಾಕೆಟ್ ಕೈಯ ಬದಿಯಾದ ಫೋರ್‌ಹ್ಯಾಂಡಿಗೆ ಹೋಗುತ್ತಿತ್ತು. ಆದ್ದರಿಂದ ಓರೆಯಾಗಿ ಟಾಸ್ ಹೊಡೆಯಬೇಕಾಯಿತು. ಅಂಕಣದ ಉದ್ದ 13.40 ಮೀಟರ್ ಆದರೆ, ಸಿಂಗಲ್ಸ್‌ನಲ್ಲಿ ಮೂಲೆಯಿಂದ ಮೂಲೆಗೆ ಸುಮಾರು ಒಂದು ಮೀಟರ್ ಹೆಚ್ಚಾಗುವುದರಿಂದ ಅದಕ್ಕೆ ತೋಳಿನ ಬಲ ಬೇಕು, ಬಲ ಸಾಲದಿದ್ದರೆ ಶಟಲ್ ನಡುವಿನಲ್ಲಿಯೇ ಅವರ ಕೈಗೆ ಸಿಗುತ್ತದೆ. ಡ್ರಾಪನ್ನಾದರೆ ನನ್ನ ಎಡಮೂಲೆಯಿಂದ ನೇರವಾಗಿಯೇ ಅವರ ಬ್ಯಾಕ್‌ಹ್ಯಾಂಡ್ ಕಡೆಗೆ ಇಳಿಸಬಹುದು. ದಣಿವಾದ ಮೂರನೇ ಗೇಮಿನಲ್ಲಿ ನಾನು ಈಗಲೂ ಅದನ್ನೇ ಆಯ್ದುಕೊಳ್ಳುತ್ತೇನೆ.