ಬಿಯರ್ಡೆಡ್ ಡ್ರ್ಯಾಗನ್ ಇರುವ ಮನೆಗೆ ಮಿಂಚುಹುಳ ಬರಬಾರದು

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ, ಅದರಲ್ಲೂ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಒಹಾಯೊ ಕಡೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಆಸೆಗೆಂದು ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಕ್ಯಾತದಂಥ ಪ್ರಾಣಿಯನ್ನು ಸಾಕಿದ್ದೀರಾದರೆ ಬೇಸಿಗೆಯಲ್ಲಿ ಮಿಂಚುಹುಳ ಮನೆಯೊಳಗೆ ಸುಳಿಯದಂತೆ ನೋಡಿಕೊಳ್ಳಿ. ಒಂದೇ ಒಂದು ಹುಳ ತಿಂದರೂ ಅದರ ಜೀವ ಹೋಗಬಹುದು. ನಮ್ಮ ಕೆಂಚ ಹೋಗಿದ್ದು ಹಾಗೆಯೇ.

ಜೂನ್ ಕೊನೆಯ ಒಂದು ಶನಿವಾರ ಮನೆ ತುಂಬ ಜನ. ಊಟದ ಹೊತ್ತಿಗೆ ಹಿತ್ತಲಿನ ಹುಲ್ಲಿನ ಮೇಲೆ ಮಿಂಚುಹುಳ ಮಿನುಗತೊಡಗಿದವು. ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚಿನ ರಾತ್ರಿಗಳಲ್ಲಿ ಅವನ್ನು ನೋಡುತ್ತಲೇ ಬೆಳೆದವರು ನಾವು. ನಮ್ಮ ಮಕ್ಕಳೂ ಹಿಡಿದು ಆಡಲಿ ಎಂದು ಎಲ್ಲರಿಗೂ ಖುಷಿಯೇ. ಮಕ್ಕಳು ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದು ಒಳಗೆ ತಂದರು, ದೀಪ ಆರಿಸಿ ನೋಡಿದರು, ಮುಚ್ಚಳ ತೆಗೆದರು. ಕೆಂಚ ಮಗಳ ಭುಜದ ಮೇಲಿದ್ದ. ಅವಳ ತೋಳಿನ ಮೇಲೆ ಹರಿದು ಬಂದ ಒಂದು ಹುಳವನ್ನು ನಾಲಿಗೆ ಚಾಚಿ ನುಂಗಿಯೇಬಿಟ್ಟ. ದಿನಾ ಕ್ರಿಕೆಟ್ ಹುಳ, ಜಿರಳೆ ತಿನ್ನುವ ಪ್ರಾಣಿ, ಇನ್ನೊಂದು ಹುಳ ತಿಂದರೆ ಏನಾದೀತು ಎಂದೇ ಎಲ್ಲರೂ ಅಂದುಕೊಂಡರು.

ಅರ್ಧ ಗಂಟೆಯೊಳಗೆ ತಲೆ ಕೊಡವಲು ಶುರು ಮಾಡಿದ. ಆಮೇಲೆ ಬಾಯಿ ಅಗಲಿಸಿ, ಮುಚ್ಚಿ, ಮತ್ತೆ ಅಗಲಿಸಿ, ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಹೊರಹಾಕಲು ಒದ್ದಾಡುವ ಹಾಗೆ. ಕುತ್ತಿಗೆಯ ಚರ್ಮ ಪೂರ್ತಿ ಕಪ್ಪಾಯಿತು, ಉಸಿರಿಗೆ ಪಕ್ಕೆಗಳು ಏರಿಳಿಯುತ್ತಿದ್ದವು. ಮೊದಲು ಫೋನ್ ಮಾಡಿದ ತುರ್ತು ಪಶು ಆಸ್ಪತ್ರೆಯವರು ನಾಯಿ, ಬೆಕ್ಕು ಮಾತ್ರ ನೋಡುತ್ತೇವೆ ಎಂದರು. ಸರೀಸೃಪ ನೋಡುವ ಇನ್ನೊಂದು ಆಸ್ಪತ್ರೆ ಹುಡುಕಿ ಹೊರಟೆವು. ದಾರಿಯಲ್ಲೇ, ಮಗಳ ಮಡಿಲಲ್ಲಿ, ಅವನ ಮೈ ಸಡಿಲವಾಯಿತು. ಅಲ್ಲಿನ ಡಾಕ್ಟರು ಲಕ್ಷಣ ಕೇಳಿದವರೇ, ಮಿಂಚುಹುಳ ತಿಂದಿತ್ತಾ ಎಂದು ಕೇಳಿದರು.

ಅವರಿಗೆ ಅಷ್ಟು ಬೇಗ ಹೊಳೆದ ವಿಷಯ, ಕೆಂಚನನ್ನು ಮಾರಿದ ಅಂಗಡಿಯವರು ಕೊಟ್ಟ ಹಾಳೆಯಲ್ಲಿ ಇರಲಿಲ್ಲ. ದೀಪ ಎಷ್ಟು ಬಿಸಿ ಇರಬೇಕು, ತಿನ್ನುವ ಹುಳಗಳ ಮೇಲೆ ಕ್ಯಾಲ್ಸಿಯಂ ಪುಡಿ ಯಾವಾಗ ಉದುರಿಸಬೇಕು, ಎಲ್ಲ ಬರೆದಿತ್ತು. ಜೀವ ತೆಗೆಯುವ ಈ ಒಂದು ಸಂಗತಿ ಮಾತ್ರ ಇಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ, ಏಕೆಂದರೆ ಇದು ಹೊಸ ವಿಷಯವೇನಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಸಂಗಡಿಗರು 1999ರಲ್ಲೇ ಇದನ್ನು ಬರೆದು ಪ್ರಕಟಿಸಿದ್ದಾರೆ. ಇಲ್ಲಿನ ಫೋಟಿನಸ್ ಜಾತಿಯ ಮಿಂಚುಹುಳದ ಮೈಯಲ್ಲಿ ಲೂಸಿಬುಫಾಜಿನ್ ಎಂಬ ವಿಷವಿದೆ. ನೆಲಗಪ್ಪೆಯ ಚರ್ಮದ ವಿಷದ ಹತ್ತಿರದ ನಂಟು ಅದು. ನಮ್ಮೂರ ಬೇಲಿಯ ಕಣಗಿಲೆಯ ಹಾಗೆ ಇದೂ ನೇರ ಹೃದಯಕ್ಕೇ ಹೊಡೆಯುವ ವಿಷ.

ಬಿಯರ್ಡೆಡ್ ಡ್ರ್ಯಾಗನ್ ನಮ್ಮ ಓತಿಕ್ಯಾತದ ಕುಟುಂಬಕ್ಕೇ ಸೇರಿದ್ದು, ಮೂಲ ಆಸ್ಟ್ರೇಲಿಯಾದ ಒಣನೆಲ. ಅಮೆರಿಕದ ಈ ಹುಳದ ಪರಿಚಯವೇ ಅದರ ವಂಶಕ್ಕಿಲ್ಲ, ಹಾಗಾಗಿ ಕಂಡರೆ ಹಿಂದೆಮುಂದೆ ನೋಡದೆ ತಿನ್ನುತ್ತದೆ. ಅದಕ್ಕೆ ಗೊತ್ತಾಗುತ್ತದೆ, ತಾನೇ ಬಿಡುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಹಗಲಲ್ಲಿ ಈ ಹುಳ ಬೆಳಗುವುದಿಲ್ಲ, ಆದ್ದರಿಂದ ಗುರುತು ತಿಳಿದಿರಲಿ. ಉದ್ದನೆಯ ಕಪ್ಪು ಮೈ, ರೆಕ್ಕೆಯ ಅಂಚಿಗೆ ಹಳದಿ ಗೆರೆ, ತಲೆ ಮುಚ್ಚುವ ಗುಲಾಬಿ ಗುರಾಣಿಯ ನಡುವೆ ಕಪ್ಪು ಚುಕ್ಕೆ. ಹುಲ್ಲಿನಲ್ಲಿ, ಮರದ ಕಾಂಡದ ಮೇಲೆ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಹಿತ್ತಲಿನಿಂದ ಕೊಂಬೆ, ತೊಗಟೆ ತಂದು ಗಾಜಿನ ಪೆಟ್ಟಿಗೆಗೆ ಹಾಕಬೇಡಿ. ಹೊರಗೆ ಹಿಡಿದ ಹುಳಗಳನ್ನು ತಿನ್ನಿಸಲೇಬೇಡಿ. ಜೂನ್, ಜುಲೈನಲ್ಲಿ ಕಿಟಕಿಬಾಗಿಲುಗಳ ಜಾಲರಿ ಎಲ್ಲಾದರೂ ಹರಿದಿದೆಯಾ ನೋಡಿ, ಪೆಟ್ಟಿಗೆಯ ಮೇಲಿನ ಮುಚ್ಚಳದ ಸಂದು ಮುಚ್ಚಿ. ಸಂಜೆ ಹುಲ್ಲಿನಲ್ಲಿ ಆಡಿ ಬಂದ ಮಕ್ಕಳ ಬಟ್ಟೆ, ಕೂದಲು ಬಾಗಿಲಲ್ಲೇ ಒಮ್ಮೆ ಕೊಡವಿಸಿ. ಬಾಟಲಿ ಹೊರಗೇ ಇರಲಿ. ಪ್ರಾಣಿಯನ್ನು ನೆಲದ ಮೇಲೆ ಬಿಡುವ ಮುಂಚೆ ಕಿಟಕಿಯ ಕೆಳಗೆ, ಸೋಫಾ ಅಡಿ ಸತ್ತ ಹುಳ ಬಿದ್ದಿಲ್ಲವೆಂದು ನೋಡಿಕೊಳ್ಳಿ. ಸತ್ತದ್ದರಲ್ಲೂ ವಿಷ ಇರುತ್ತದೆ.

ಹೆದರಿ ಸ್ಪ್ರೇ ಹೊಡೆಯಲು ಹೋಗಬೇಡಿ. ಹುಳ ಕೊಲ್ಲುವ ಪೈರೆಥ್ರಾಯ್ಡ್ ಔಷಧಿಗಳು ಸರೀಸೃಪಗಳಿಗೂ ಅಪಾಯ. ಒಳಗೆ ಬಂದ ಮಿಂಚುಹುಳಕ್ಕೆ ಲೋಟ ಬೋರಲು ಹಾಕಿ, ಅಡಿಗೆ ಕಾಗದ ತೂರಿಸಿ, ಹೊರಗೆ ಬಿಟ್ಟುಬನ್ನಿ. ಆ ಹುಳದ ಮೇಲೆ ನಮಗೆ ದ್ವೇಷವಿಲ್ಲ.

ಇದಕ್ಕೆ ಪ್ರತಿವಿಷ ಇಲ್ಲ. ತಿಂದದ್ದು ಕಂಡರೆ, ಅಥವಾ ತಿಂದಿರಬಹುದು ಎಂಬ ಅನುಮಾನ ಬಂದರೂ, ಲಕ್ಷಣಕ್ಕೆ ಕಾಯದೆ ಆ ಕ್ಷಣವೇ ಹೊರಡಿ, ಮನೆಮದ್ದು ಬೇಡ. ರಾತ್ರಿ ಹೊತ್ತು ಸರೀಸೃಪ ನೋಡುವ ಆಸ್ಪತ್ರೆ ನಿಮ್ಮ ಸುತ್ತಮುತ್ತ ಯಾವುದು ಎಂದು ಇವತ್ತೇ ಫೋನ್ ಮಾಡಿ ಕೇಳಿ, ನಂಬರನ್ನು ಪೆಟ್ಟಿಗೆಯ ಪಕ್ಕದಲ್ಲೇ ಅಂಟಿಸಿಡಿ. ಈ ವಾರಾಂತ್ಯ ಮಕ್ಕಳನ್ನು ಕರೆದುಕೊಂಡು ಬರುವ ಸ್ನೇಹಿತರಿಗೂ ಮುಂಚೆಯೇ ಹೇಳಿಬಿಡಿ.